ಅಲ್ಬೀನಾ ಕೊಳ್ಳಲಿದ್ದ ಕೋವಿ

“ಜಿಂಕೆಗೆ ಯಾವ ಅಳತೆಯ ಗುಂಡು ಒಳ್ಳೇದು?”

ಲುಡ್ವಿಕನ ಕೈಯ ಚಮಚ ಗುಲಾಶ್ ಎಂಬ ಮಾಂಸದ ಸಾರಿನ ಬಟ್ಟಲಿಗೆ ತಾಗಿ ಸದ್ದು ಮಾಡಿತು. ಅಲ್ಬೀನಾ ಕೇಳಿದ್ದು ಅವನನ್ನಲ್ಲ. ಮೇಜಿನ ಆ ತುದಿಯಲ್ಲಿ ಕೂತಿದ್ದ ಝೋರನ್‌ನನ್ನು. ಆದರೂ ಲುಡ್ವಿಕ್ ಚಮಚ ಕೆಳಗಿಟ್ಟ.

ಬೇಟೆಗಾರರನ್ನು ಕಾಯುವ ಸಂತ ಹುಬೆರ್ಟನ ಹಬ್ಬ. ಕೊಚೆವ್ಯೆ ಕಾಡಂಚಿನ ಬೇಟೆಮನೆಯಲ್ಲಿ ಊರಿನ ಹನ್ನೊಂದು ಬೇಟೆಗಾರರು ಬೆಳಗಿನ ಪೂಜೆ ಮುಗಿಸಿ ಊಟಕ್ಕೆ ಕೂತಿದ್ದರು. ಹಸಿರು ಟೋಪಿಗಳು ಗೂಟದಲ್ಲಿದ್ದವು, ಕೋವಿಗಳು ಗೋಡೆಗೆ ಒರಗಿದ್ದವು. ಆಗಲೇ ಅವಳು ಕಪ್ಪು ಉಡುಪಿನಲ್ಲಿ, ಒಂದು ಪುಟ್ಟ ಪುಸ್ತಕ ಹಿಡಿದು ಒಳಗೆ ಬಂದಿದ್ದಳು. ಬೇಟೆಯ ಪರವಾನಗಿ ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ, ಜಿಂಕೆಗಳು ಎಲೆಕೋಸೆಲ್ಲ ತಿಂದು ಹಾಕುತ್ತಿವೆ, ಕೋವಿ ಕೊಳ್ಳಬೇಕು ಎಂದಳು.

ಅವಳ ಗಂಡ ರಾಯ್ಕೊ ಸತ್ತು ಸರಿಯಾಗಿ ಒಂದು ವರ್ಷ. ಅಣಬೆ ಆರಿಸಲು ಹೋಗಿದ್ದ. ಅಂದು ಕಾಡಿನಲ್ಲಿ ಮಂಜು. ಪೊದೆ ಅಲುಗಿತು, ಕಂದು ಬಣ್ಣ ಕಂಡಿತು, ಲುಡ್ವಿಕ್ ಬೆರಳು ಮಡಿಸಿದ. ಬಿದ್ದದ್ದು ಮನುಷ್ಯನ ದನಿಯಲ್ಲಿ ಕೂಗಿತು. ಅವನು ಹತ್ತಿರ ಹೋಗಲಿಲ್ಲ. ಕೊಂಬು ಊದಿದಾಗ ಉಳಿದವರ ಜೊತೆ ತಾನೂ ಬಂದು ನಿಂತ. ಹನ್ನೊಂದು ಮಂದಿಯೂ ಆ ದಿನ ಗುಂಡು ಹಾರಿಸಿದ್ದರು. ರಾಯ್ಕೊನ ಎದೆ ಸೀಳಿದ ಗುಂಡು ಆಚೆ ಕಣಿವೆಗೆ ಹಾರಿಹೋಗಿತ್ತು. ಪೊಲೀಸರು ಮೂರು ವಾರ ಹುಡುಕಿ ಕೈಬಿಟ್ಟರು.

ಅಂದಿನಿಂದ ಲುಡ್ವಿಕ್ ಚರ್ಚಿನಲ್ಲಿ ಪ್ರಸಾದದ ಸಾಲಿಗೆ ಹೋಗಿರಲಿಲ್ಲ. ಮಂಡಿನೋವು ಎಂದು ಹೆಂಡತಿಗೆ ಹೇಳಿದ್ದ. ದೇವರಿಗೆ ಏನೂ ಹೇಳಿರಲಿಲ್ಲ.

“ಮೂವತ್ತು-ಸೊನ್ನೆ-ಆರು ತಗೊಳ್ಳಿ,” ಝೋರನ್ ಎದೆ ಉಬ್ಬಿಸಿದ. “ಕಣ್ಣು ಮುಚ್ಚಿ ತಗೊಳ್ಳಿ. ಅಗೋ ನೋಡಿ, ನನ್ನದೇ ಅದು. ಎತ್ತಿ ನೋಡ್ತೀರಾ?”

“ಬೇಡ.” ಅವಳು ಕೋವಿಯತ್ತ ತಿರುಗಲೂ ಇಲ್ಲ. ಝೋರನ್‌ನ ಮುಖವನ್ನೇ ನೋಡಿ, ಪುಸ್ತಕದಲ್ಲಿ ಏನೋ ಗೀಚಿದಳು.

“ಆ ಫಿರಂಗಿ ಹೊಡೆದ್ರೆ ಎಲೆಕೋಸೂ ಉಳಿಯಲ್ಲ,” ಎಂದ ಪಕ್ಕದ ಬೊಗೊಮಿರ್. “ಏಳು-ಅರವತ್ನಾಲ್ಕು ತಗೊಳ್ಳಮ್ಮ. ಇಪ್ಪತ್ತು ವರ್ಷದಿಂದ ನಂದು ಅದೇ. ಹೆಂಡ್ತಿ ಬಿಟ್ಟು ಹೋದ್ಳು, ಇದು ಬಿಟ್ಟಿಲ್ಲ.”

“ಹೆಂಡ್ತಿ ಓಡಿದ್ದೇ ಅದರ ಸದ್ದಿಗೆ,” ಎಂದರು ಯಾರೋ. ಮೇಜಿನ ಸುತ್ತ ನಗು ಹಬ್ಬಿತು.

ಅಲ್ಬೀನಾ ನಗಲಿಲ್ಲ. ಮುಂದಿನವನ ಬಳಿ ಸರಿದಳು. ಅದೇ ಪ್ರಶ್ನೆ, ಅದೇ ಮಾತುಗಳಲ್ಲಿ. ಒಂದು ಗೀಚು. ಮತ್ತೆ ಮುಂದಿನವನು. ಅವಳು ಬೆಲೆ ಕೇಳಲಿಲ್ಲ, ತೂಕ ಕೇಳಲಿಲ್ಲ, ಕೊಟ್ಟ ಕೋವಿಯನ್ನು ಮುಟ್ಟಲಿಲ್ಲ.

ಇವಳಿಗೆ ಎಲೆಕೋಸಿನ ಚಿಂತೆಯಿಲ್ಲ ಎಂದು ಲುಡ್ವಿಕನಿಗೆ ಹೊಳೆದದ್ದು ಆಗ. ಹೇಗೋ ಏನೋ, ಇವಳಿಗೆ ತಿಳಿದಿದೆ. ಪೊಲೀಸರನ್ನು ನಂಬಿ ಕೂರುವ ಹೆಂಗಸಲ್ಲ ಇವಳು. ಪರವಾನಗಿ ಕೈಗೆ ಬರಲಿ, ಮಂಜು ಕವಿದ ಒಂದು ದಿನ ಬರಲಿ, ಪೊದೆಯ ಹಿಂದೆ ಇವಳು ನಿಲ್ಲುತ್ತಾಳೆ. ಆಕಸ್ಮಿಕ ಎನ್ನುತ್ತಾರೆ ಎಲ್ಲರೂ. ಹಿಂದೆಯೂ ಹಾಗೇ ಅಂದಿದ್ದರು.

ಹತ್ತನೆಯವನ ಮಾತು ಮುಗಿಯಿತು. ಅವಳ ಬೂಟಿನ ಸದ್ದು ಲುಡ್ವಿಕನ ಕುರ್ಚಿಯ ಬಳಿ ಬಂದು ನಿಂತಿತು.

“ಯಜಮಾನ್ರನ್ನ ಕೇಳ್ಬೇಡಿ,” ಝೋರನ್ ಕೂಗಿದ. “ಅವರಪ್ಪನಿಂದ ಬಂದ ಆ ಎಂಟು-ಐವತ್ತೇಳರ ಕೋವಿಯ ಪುರಾಣ ಶುರುವಾದ್ರೆ ಸಂಜೆ ಗಂಟೆ ಹೊಡೆಯೋವರೆಗೂ ನಾವು ಏಳೋ ಹಾಗಿಲ್ಲ.”

“ಕೇಳದಿದ್ರೆ ಮರ್ಯಾದೆ ಅಲ್ಲ,” ಎಂದಳು ಅಲ್ಬೀನಾ. “ಹೇಳಿ ಯಜಮಾನ್ರೆ. ಜಿಂಕೆಗೆ ಯಾವ ಅಳತೆಯ ಗುಂಡು ಒಳ್ಳೇದು?”

ಎಂಟು ಮಿಲಿಮೀಟರಿನ ಗುಂಡು ದೇಹದೊಳಗೆ ಹೊಕ್ಕರೆ ಏನಾಗುತ್ತದೆಂದು ಈ ಕೋಣೆಯಲ್ಲಿ ಅವನಷ್ಟು ತಿಳಿದವರಿಲ್ಲ. ಅಂಥದ್ದು ಇವಳ ಕೈಗೆ ಸಿಗಕೂಡದು. ಬೊಗೊಮಿರ್ ಹೇಳಿದ್ದೂ ಬೇಡ, ಝೋರನ್ ಹೇಳಿದ್ದೂ ಬೇಡ. ಇರುವುದರಲ್ಲಿ ಸಣ್ಣದು ಯಾವುದು? ತಗುಲಿದರೂ ಮನುಷ್ಯ ಬದುಕಿ ಉಳಿಯಬಹುದಾದದ್ದು?

“ಇನ್ನೂರ ಇಪ್ಪತ್ತೆರಡು,” ಎಂದ.

“ಅಂದ್ರೆ?”

“ಸಣ್ಣ ಗುಂಡು. ಭುಜಕ್ಕೆ ಒದೆ ಬೀಳಲ್ಲ. ನಿಮ್ಮಂಥವರಿಗೆ... ಚಿಕ್ಕ ಜಿಂಕೆಗೆ ಧಾರಾಳ ಸಾಕು.”

“ಎಂಟು-ಐವತ್ತೇಳು?”

“ಬೇಡ ಬೇಡ. ಅದು ಹಳೇ ಕಾಲದ್ದು. ತುಂಬಾ ಒರಟು. ಅದರ ಸಹವಾಸವೇ ಬೇಡ.”

ಮೇಜಿನ ಸುತ್ತಲಿನ ಕಣ್ಣುಗಳೆಲ್ಲ ಲುಡ್ವಿಕನತ್ತ ತಿರುಗಿದವು. ಬೊಗೊಮಿರ್ ಸಾರಾಯಿಯ ಲೋಟವನ್ನು ಅರ್ಧಕ್ಕೆ ಎತ್ತಿ ಹಾಗೇ ಹಿಡಿದಿದ್ದ. “ಯಜಮಾನ್ರಿಗೆ ಜ್ವರ ಗಿರ ಬಂದಿದೆಯೋ ನೋಡ್ರೋ,” ಎಂದ ಮೆಲ್ಲಗೆ. ಯಾರೂ ನಗಲಿಲ್ಲ.

ಲುಡ್ವಿಕನಿಗೆ ಅದು ಕೇಳಿಸಲೇ ಇಲ್ಲ. ಅವನ ಕಣ್ಣು ಅವಳ ಪೆನ್ಸಿಲಿನ ಮೇಲಿತ್ತು. ಬರೆದುಕೋ, ಇನ್ನೂರ ಇಪ್ಪತ್ತೆರಡು ಎಂದು ಬರೆದುಕೋ. ಅವಳು ಬರೆದಳು. ಪುಸ್ತಕ ಮುಚ್ಚಿದಳು. ಅವನ ಎದೆಯಿಂದ ಒಂದು ವರ್ಷದ ಉಸಿರು ಹೊರಬಿತ್ತು. ಚಮಚವನ್ನು ಮತ್ತೆ ಕೈಗೆತ್ತಿಕೊಂಡ.

“ಚೆನ್ನಾಗಿ ಯೋಚನೆ ಮಾಡಿ ತಗೊಳ್ಳಿ,” ಎಂದ, ದನಿಗೆ ಹಳೆಯ ಯಜಮಾನಿಕೆ ತಂದುಕೊಂಡು. “ಕೋವಿ ಅಂದ್ರೆ ಹುಡುಗಾಟ ಅಲ್ಲ.”

“ನಾನು ಕೋವಿ ತಗೊಳ್ತಿಲ್ಲ ಯಜಮಾನ್ರೆ,” ಎಂದಳು ಅಲ್ಬೀನಾ, ಅವನ ಮುಖದಿಂದ ಕಣ್ಣು ಕೀಳದೆ, “ಅವತ್ತು ಕಾಡಲ್ಲಿದ್ದ ಹನ್ನೊಂದು ಜನರನ್ನೂ ಒಂದೇ ಮಾತು ಕೇಳಿದೆ; ಹತ್ತು ಜನ ತಮ್ಮ ಕೋವಿಯನ್ನೇ ಹೊಗಳಿದ್ರು.”