ಉಡಿಯಲ್ಲಿ ಬಂದ ಒಂದೆಳೆ ಆಕಾಶ

ಟೀವಿಗಳೆಲ್ಲ ಡಿಜಿಟಲ್ ಆಗಿ ಆಕಾಶದಲ್ಲಿ ಜಾಗ ಮಿಕ್ಕಾಗ, ಟೀವಿಯ ಅಲೆಗಳು ಬಿಟ್ಟುಹೋದ ಆ ಖಾಲಿ ತರಂಗಾಂತರವನ್ನು ಸರ್ಕಾರ ಮನೆಮನೆಗೆ ಹಂಚಿತ್ತು. ಹುಬ್ಬಳ್ಳಿಯ ತಾಯಂದಿರು ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಅದರದೂ ಒಂದೆಳೆ ಹಾಕುತ್ತಿದ್ದರು.

ನೀಲಗಂಗಾ ತವರಿನಿಂದ ತಂದ ತನ್ನ ಎಳೆಯಲ್ಲಿ ಏನನ್ನೂ ಬಿತ್ತರಿಸಲಿಲ್ಲ. ಮಧ್ಯಾಹ್ನ ರೇಡಿಯೋವನ್ನು ಅಲ್ಲಿಗೆ ತಿರುಗಿಸಿ, ಅದರ ಮೌನವನ್ನು ಕೇಳುತ್ತ ಕೂರುತ್ತಿದ್ದಳು.

ಇಂದು ಆ ಎಳೆಯನ್ನು ಕೊಳ್ಳಲು ಬಂದ ಮೊಬೈಲ್ ಕಂಪನಿಯವನು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ.

"ಖಾಲಿ ಬಿದ್ದದ್ದು, ಕೊಟ್ಟಬಿಡವಾ," ಎಂದರು ಅತ್ತೆ.

"ಇದರಾಗ ಯಾರೂ ರೊಟ್ಟಿ ಬಡಿ, ಚಾ ಮಾಡು ಅನ್ನೂದಿಲ್ರೀ ಅತ್ತಿ. ನೀವೂ ಒಮ್ಮೆ ಕೇಳ್ರಿ."

ಅತ್ತೆ ನಗುತ್ತಲೇ ರೇಡಿಯೋಗೆ ಕಿವಿಗೊಟ್ಟರು. ಒಳಗೆ ಕುಕ್ಕರ್ ಕೂಗಿತು, ಅವರು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲತ್ತ ತಿರುಗಿ ಮೆಲ್ಲಗೆ ಹೇಳಿದರು:

"ತಮ್ಮಾ, ಮುಂದಿನ ಮನಿಗೆ ಹೋಗಪಾ. ನಾವು ಕೇಳಾಕತ್ತೀವಿ."