ಉಪ್ಪು ಕಾಗದ

ಓಬಳಪ್ಪ ಸ್ವಿಚ್ಚು ಒತ್ತಿದ. ಟ್ರೇಲರ್ ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದ, ಮನೆದೇವರನ್ನು ನೆನೆದು ಮತ್ತೂ ಒಮ್ಮೆ ಒತ್ತಿದ. ಹಿಂದೆ ತುಂಬಿದ್ದ ಕೆರೆಯ ಗೋಡುಮಣ್ಣು ಹಾಗೇ ಕೂತಿತ್ತು. ಬದುವಿನ ಮೇಲೆ ಕೊಡೆ ಹಿಡಿದು ನಿಂತ ಯಜಮಾನ ಕಾಡಸಿದ್ದಪ್ಪನವರೂ ಹಾಗೇ ನಿಂತಿದ್ದರು.

ಪಟ್ಟನಾಯಕನಹಳ್ಳಿಯ ಆ ಟ್ರ್ಯಾಕ್ಟರಿಗೆ ಹನ್ನೊಂದು ವರ್ಷದಿಂದ ಓಬಳಪ್ಪನೇ ಡ್ರೈವರು. ಎಂಬತ್ತೈದರ ಸುಗ್ಗಿಯಲ್ಲಿ ಕಡಲೆಬಳ್ಳಿಯ ಬಣವೆಯಿಂದ ಬಿದ್ದು ಅವನ ಬಲಭುಜ ಕೈಕೊಟ್ಟಿತ್ತು. ಸ್ಟೇರಿಂಗ್ ಹಿಡಿಯಬಲ್ಲ, ಟ್ರೇಲರ್ ಎತ್ತುವ ಬಿಗಿ ಲಿವರು ಮಾತ್ರ ಎಳೆಯಲಾರ. ಅದಕ್ಕೇ ಶಿರಾದ ಮೆಕ್ಯಾನಿಕ್ ಪ್ಯಾರೇಸಾಬಿ, ಗುಜರಿಗೆ ಬಿದ್ದಿದ್ದ ಯಾವುದೋ ಯಂತ್ರದಿಂದ ಒಂದು ಕರೆಂಟಿನ ವಾಲ್ವು ಬಿಚ್ಚಿ ತಂದು ಕೂರಿಸಿದ್ದ. ಸ್ವಿಚ್ಚು ಒತ್ತಿದರೆ ವಾಲ್ವು ಎಣ್ಣೆಗೆ ದಾರಿ ಬಿಡುತ್ತದೆ, ಎಣ್ಣೆ ಜಾಕನ್ನು ತಳ್ಳುತ್ತದೆ, ಟ್ರೇಲರ್ ಏಳುತ್ತದೆ. ಹೋದ ವಾರ ಎದ್ದೂ ಇತ್ತು.

"ಓಬಳಪ್ಪಾ," ಎಂದರು ಕಾಡಸಿದ್ದಪ್ಪ ಬೆಲ್ಲದಂಥ ದನಿಯಲ್ಲಿ. "ನಿನ್ ಒಳ್ಳೇದಕ್ಕೇ ಯೋಳ್ತೀನಿ. ಭುಜಕ್ಕೆ ಆರಾಮ ಬೇಕು ಕಣಪ್ಪ. ಸೋಮವಾರದಿಂದ ಡ್ರೈವರ್ ಕೆಲ್ಸಕ್ಕೆ ಬತ್ತೀನಿ ಅಂತ ರುದ್ರಯ್ಯ ಅಂದವ್ನೆ. ಸಾಬ್ರು ಬಂದು ನೋಡ್ಲಿ. ಇದು ಎದ್ರೆ ನೀನೇ ಇರು. ಏಳ್ದಿದ್ರೆ ಶಿವನ ಇಚ್ಛೆ."

ಹೇಳಿಕಳಿಸಿದ್ದರಿಂದ ಪ್ಯಾರೇಸಾಬಿ ಲೂನಾ ಏರಿ ಬಂದ. ಟ್ರೇಲರಿನ ಕೆಳಗೆ ನುಸುಳಿ, ಓಬಳಪ್ಪನಿಗೆ ಸ್ವಿಚ್ಚು ಒತ್ತಲು ಹೇಳಿ, ವಾಲ್ವಿಗೆ ಸ್ಕ್ರೂಡ್ರೈವರ್ ತಾಗಿಸಿದ. ಅಯಸ್ಕಾಂತದಂತೆ ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ. ಕರೆಂಟು ಬರುವ ವೈರಿಗೆ ಬಲ್ಬು ಕೊಟ್ಟು ನೋಡಿದ, ಬಲ್ಬು ಹತ್ತಿತು. ಅಲ್ಲಿಂದಲೇ ಕೂಗಿದ:

"ಅರೆ ಯಜಮಾನ್ರೇ, ಇದ್ಕೆ ಅರ್ತಿಲ್ಲ!"

ಮೈ ಕೊಡವಿ ಎದ್ದು, ಹೊಂಗೆ ಮರದಡಿ ನಿಲ್ಲಿಸಿದ್ದ ಲೂನಾದ ಕಡೆ ನಡೆದುಬಿಟ್ಟ.

ಓಬಳಪ್ಪ ಸೀಟಿನಿಂದ ಇಳಿದ. ಕೀಲಿಕೈ ತೆಗೆದ. ಎಡಗೈಯಲ್ಲಿ ಕೊಡಬಾರದೆಂದು, ಏಳಲೊಲ್ಲದ ಬಲಗೈಗೆ ಎಡಗೈ ಆಸರೆ ಕೊಟ್ಟು ಚಾಚಿದ.

"ತಕ್ಕಳಿ ಯಜಮಾನ್ರೇ. ಅರ್ತ ಇಲ್ಲ ಅಂತ ಸಾಬ್ರೇ ಅಂದ್ಬುಟ್ರು. ಅರ್ತ ಇಲ್ದಿದ್ ಮ್ಯಾಲೆ ನಾನ್ಯಾಕೆ ಈ ಸೀಟ್ನಾಗೆ?"

ಕಾಡಸಿದ್ದಪ್ಪ ಕೀಲಿಕೈಯನ್ನು ಜುಬ್ಬದ ಜೇಬಿಗೆ ಇಳಿಬಿಟ್ಟರು. "ಶಿವಚಿತ್ತ. ಬೇಜಾರ್ ಮಾಡ್ಕಬ್ಯಾಡ. ಮನೇಲಿ ಕುರಿ ಅವೆ. ಕುರಿ ಕಾಯಕ್ಕೆ ಭುಜ ಯಾಕೆ?"

"ಮರಿ ಎತ್ಕಳಕ್ಕೆ ಬ್ಯಾಡ್ವಾ? ಕುರಿಗೇನು ಸ್ವಿಚ್ಚು ಇರ್ತೈತಾ?"

ಅಷ್ಟರಲ್ಲಿ ಪ್ಯಾರೇಸಾಬಿ ಒಂದು ತುಂಡು ಉಪ್ಪು ಕಾಗದ ಹಿಡಿದು ಬಂದ. "ಏನಿದು? ಇಬ್ರೂ ಸಾವಿನ ಮನೇಲಿ ನಿಂತಂಗೆ ನಿಂತಿದ್ದೀರಿ?"

"ನೀವೇ ಅಂದ್ರಲ್ಲ ಸಾಬ್ರೇ, ಇದ್ಕೆ ಅರ್ಥ ಇಲ್ಲ ಅಂತ!" ಎಂದ ಓಬಳಪ್ಪ.

ಪ್ಯಾರೇಸಾಬಿಗೆ ಬಂದ ನಗುವಿಗೆ ಮಡ್‌ಗಾರ್ಡ್ ಹಿಡಿದುಕೊಳ್ಳಬೇಕಾಯಿತು. "ಅರ್ಥ ಅಲ್ರೀ, ಅರ್ತು! ಇಂಗ್ಲಿಷಿನ ಅರ್ತು! ಭೂಮಿ! ಬ್ಯಾಟ್ರಿಯಿಂದ ಬಂದ ಕರೆಂಟು ಕೆಲ್ಸ ಮುಗ್ಸಿ ವಾಪಸ್ ಮನೇಗೆ ಹೋಗ್ಬೇಕಾ ಬ್ಯಾಡ್ವಾ? ಗಾಡಿ ಕಬ್ಬಿಣಾನೇ ಅದರ ದಾರಿ. ಆ ದಾರಿಗೆ ಯಾರೋ ಪುಣ್ಯಾತ್ಮರು ಬಣ್ಣ ಬಳ್ದು ಮುಚ್ಚವ್ರೆ. ಮ್ಯಾಲೆ ಟ್ರೇಲರ್ ತುಂಬಾ ಭೂಮಿ, ಕೆಳಗೆ ಮಾತ್ರ ಭೂಮಿ ಇಲ್ಲ!"

ಓಬಳಪ್ಪ ತಲೆ ತಗ್ಗಿಸಿದ. "ನಾನೇ ಸಾಬ್ರೇ. ಈ ವಾಲ್ವು ನನ್ ಅನ್ನ ಉಳಿಸೋ ದ್ಯಾವ್ರು, ಬೋಳಾಗಿ ಇರ್ಬಾರ್ದು ಅಂತ ಮೊನ್ನೆ ನಟ್ಟು ಬಿಚ್ಚಿ, ಸಂದಿಗೊಂದಿಗೆಲ್ಲ ಕೆಂಪು ಬಣ್ಣ ಬಳ್ದೆ."

"ಭಕ್ತಿ ಜಾಸ್ತಿ ಆಯ್ತು ಕಣಣ್ಣ. ದ್ಯಾವ್ರ ಬಾಯೇ ಮುಚ್ಚೋಗದೆ."

ಪ್ಯಾರೇಸಾಬಿ ನಟ್ಟು ಸಡಿಲಿಸಿ, ವೈರು ಸರಿಸಿ, ಉಪ್ಪು ಕಾಗದದಿಂದ ತಿಕ್ಕಿದ. ಕುಂಕುಮದಂಥ ಪುಡಿ ಉದುರಿತು. ಅದರಡಿಯಲ್ಲಿ ನಾಲ್ಕಾಣೆಯಗಲದ ಬರಿಯ ಕಬ್ಬಿಣ ಹೊಳೆಯಿತು. ವೈರನ್ನು ಅಲ್ಲಿಗೇ ಒತ್ತಿ ನಟ್ಟು ಬಿಗಿದ. "ಇಂಜಿನ್ ಬ್ಯಾಡ. ಬರೀ ಕೀ ತಿರುಗ್ಸಿ ಸ್ವಿಚ್ಚು ಒತ್ತು. ಶಬ್ದ ಕೇಳ್ಬೇಕು. ಎಲ್ಲಿ ಕೀ?"

ಕಾಡಸಿದ್ದಪ್ಪ ಜೇಬು ತಡಕಿ ಕೀಲಿಕೈಯನ್ನು ಹೊರತೆಗೆಯಬೇಕಾಯಿತು.

"ಸೋಮವಾರನೂ ಈ ಸೀಟು ನಂದೇ," ಎಂದು ಕೇಳಿಸುವಂತೆ ಹೇಳಿಕೊಂಡು ಓಬಳಪ್ಪ ಸೀಟೇರಿ ಸ್ವಿಚ್ಚು ಒತ್ತಿದ.

'ಲೊಚ್!'

ವಾಲ್ವಿನೊಳಗೆ ಹಲ್ಲಿ ನುಡಿದಂತಿತ್ತು. ಕಾಡಸಿದ್ದಪ್ಪನವರ ಬೆರಳು ತಾನಾಗಿಯೇ ಮಡ್‌ಗಾರ್ಡನ್ನು ಮೂರು ಸಲ ತಟ್ಟಿತು. "ಶಿವ ಶಿವ" ಎಂದಿತು ಬಾಯಿ. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ಅದು ನಿಜವಾಗುತ್ತದೆಂದು ಎಳವೆಯಿಂದ ನಂಬಿದ ಜೀವ ಅದು. ಆಮೇಲೆ ಇಂಜಿನ್ ಗುಡುಗಿತು, ಟ್ರೇಲರ್ ಸಾವಕಾಶವಾಗಿ ತಲೆಯೆತ್ತಿತು, ಗೋಡುಮಣ್ಣು ಹೊಲಕ್ಕೆ ಜಾರಿತು.

"ಮೂರು ತಿಂಗ್ಳಿಗೊಂದ್ ಸಲ ಈ ಜಾಗ ಉಜ್ಜು, ನಟ್ಟು ಬಿಗಿ ಮಾಡು," ಎಂದ ಪ್ಯಾರೇಸಾಬಿ. "ಎಷ್ಟೇ ಭಕ್ತಿ ಬರ್ಲಿ, ಬಣ್ಣ ಮಾತ್ರ ಬಳೀಬ್ಯಾಡ. ಬಣ್ಣ ಹೋದ್ರೇನೇ ಅರ್ತು ಸಿಗೋದು."

ಓಬಳಪ್ಪ ಸೀಟಿನಿಂದಲೇ ಬಗ್ಗಿ, ನಗು ತಡೆದುಕೊಂಡು ಕೇಳಿದ: "ಯಜಮಾನ್ರೇ, ಹಂಗಾದ್ರೆ ನನ್ ಭುಜದ ಆರಾಮ?"

ಕಾಡಸಿದ್ದಪ್ಪ ಕೊಡೆ ಮಡಿಚಿದರು. ಕೆಂಪು ಬಣ್ಣದ ನಡುವೆ ಮಿನುಗುತ್ತಿದ್ದ ಆ ಚೂರು ಕಬ್ಬಿಣವನ್ನು ಸ್ವಲ್ಪ ಹೊತ್ತು ನೋಡಿದರು.

"ಭುಜದ ಮಾತಲ್ಲ ಕಣ್ಲಾ. ರುದ್ರಯ್ಯ ನಮ್ ಬೀಗರ ಕಡೆಯೋನು. ಆಗಕಿಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ."

ಆಮೇಲೆ ಪ್ಯಾರೇಸಾಬಿಯತ್ತ ಕೈ ಚಾಚಿದರು. "ಸಾಬ್ರೇ, ಆ ಉಪ್ಪು ಕಾಗದ ಇನ್ನೊಂದ್ ತುಂಡು ಇದ್ರೆ ನಂಗೂ ಕೊಡಿ."