ಹದಿನೆಂಟು ಸೆಕೆಂಡು

"ಪೇಪರ್ನಾಗೆ ಏನ್ ಬರ್ದವ್ರೋ ಓದ್ಲಾ" ಅಂದಳು ಚಿಕ್ಕವ್ವ ಪುಟ್ಟತಾಯಮ್ಮ, ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಲೇ. ಲೋಹಿತ ಪೇಪರ್ ಬಿಡಿಸಿ ಮೊದಲು ಮನಸ್ಸಿನಲ್ಲೇ ಓದಿಕೊಂಡ. ಬ್ಯಾಂಡ್ ಬಿಟ್ಟು ಬಂದು, ಮೂರು ವರ್ಷ ಹೆಣಗಿ, ಒಬ್ಬನೇ ಬರೆದು ಹಾಡಿದ ರಾಕ್ ಆಲ್ಬಮ್ಮಿಗೆ ಬಂದಿದ್ದು ಇದೊಂದೇ ವಿಮರ್ಶೆ.

"ಒಂಬತ್ತು ಹಾಡೂ ಬರೀ ಗಿಟಾರಿನ ಗದ್ದಲ" ಅಂತಿತ್ತು ಅದರಲ್ಲಿ. "ಕೊನೆಯ ಹಾಡಿನ ನಡುವೆ ಹದಿನೆಂಟು ಸೆಕೆಂಡು ಕೇಳುವ ಹಳ್ಳಿ ಹೆಂಗಸಿನ ದನಿಗೆ ಮಾತ್ರ ಜೀವವಿದೆ. ಆಕೆ ಯಾರು? ಹೆಸರನ್ನೇಕೆ ಹಾಕಿಲ್ಲ?" ಹೋದ ವರ್ಷ ರಾಮನಾಥಪುರದಲ್ಲಿ ಸೊಪ್ಪು ಬೇಯಿಸುವ ಇದೇ ಬ್ಯಾರನ್ ಮನೆಯ ಮುಂದೆ ಸೊಪ್ಪು ಕಟ್ಟುತ್ತಾ ಚಿಕ್ಕವ್ವ ಹಾಡಿಕೊಂಡಿದ್ದನ್ನು ಅವನು ಅವಳಿಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ಹಿಡಿದು ಆ ಹಾಡಿಗೆ ಸೇರಿಸಿದ್ದ. ಆಲ್ಬಮ್ಮನ್ನು ಅವಳಿಗೆ ಇನ್ನೂ ಕೇಳಿಸಿರಲಿಲ್ಲ.

ಓದು ಬಾರದ ಚಿಕ್ಕವ್ವ ಅವನ ಬಾಯನ್ನೇ ನೋಡುತ್ತಿದ್ದಳು. "ಲೋಹಿತನ... ಲೋಹಿತನ ದನಿಗೆ ಜೀವವಿದೆ" ಅಂತ ತಡವರಿಸಿ ಓದಿದ.

ಅವಳ ಮುಖ ಅರಳಿತು. ಸೊಪ್ಪಿನ ಅಂಟು ಮೆತ್ತಿ ಕಪ್ಪಗಾದ ಕೈಗಳನ್ನು ಅವನ ಕೆನ್ನೆಗೆ ತಾಗಿಸದೆ ದೂರದಿಂದಲೇ ನಿವಾಳಿಸಿ, ತನ್ನ ಹಣೆಯ ಪಕ್ಕಕ್ಕೊತ್ತಿ ಲಟಲಟ ನೆಟಿಗೆ ಮುರಿದಳು. "ನನ್ ಕಣ್ಣೇ ಬಿದ್ದಾತು ಕಣ್ಲಾ ಮಗ. ನಿಮ್ಮವ್ವ ಇದ್ದಿದ್ರೆ ಎಷ್ಟ್ ಹಿಗ್ಗೋಳು! ನಂಗಂತೂ ಒಂದ್ ಪದ ನೆಟ್ಟಗೆ ಹಾಡಕ್ ಬರಕಿಲ್ಲ. ಅದೇ ಮಾತ್ನ ಇನ್ನೊಂದ್ಸಲ ಓದು."

ಲೋಹಿತ ಓದಿದ. ಈ ಸಲ ನಾಲಿಗೆ ತಡವರಿಸಲಿಲ್ಲ.